ಆತಕೂರಿನ ಕಲ್ಲು ಎಲ್ಲಿದೆ: ಒಂದು ಪದವಿ ತರಗತಿಯ ಪ್ರಕರಣ ಅಧ್ಯಯನ

ಈ ಪ್ರಕರಣ ನಡೆದದ್ದು ಮಂಡ್ಯ ಜಿಲ್ಲೆಯ ಒಂದು ಸರ್ಕಾರಿ ಪದವಿ ಕಾಲೇಜಿನಲ್ಲಿ. ನಾನು ಅಲ್ಲಿನ ಗ್ರಂಥಪಾಲಕಿ. ಇತಿಹಾಸ ವಿಭಾಗದ ಅಧ್ಯಾಪಕರೊಬ್ಬರು ತಮ್ಮ ಎರಡನೆಯ ವರ್ಷದ ಬಿ.ಎ. ತರಗತಿಗೆ ಕೊಟ್ಟ ಒಂದು ನಿಯೋಜಿತ ಕಾರ್ಯ, ಅದಕ್ಕೆ ಬಂದ ಉತ್ತರಗಳು, ಆ ಉತ್ತರಗಳನ್ನು ನೋಡಿದ ಮೇಲೆ ನಾವಿಬ್ಬರೂ ಸೇರಿ ಬದಲಾಯಿಸಿಕೊಂಡ ಪಾಠಕ್ರಮ, ಇಷ್ಟೇ ಇಲ್ಲಿನ ವಸ್ತು. ಮಾಹಿತಿಯನ್ನು ಹುಡುಕಿ, ತೂಗಿನೋಡಿ ಬಳಸುವ ಮಾಹಿತಿ ಸಾಕ್ಷರತೆಯನ್ನು ಬರೀ ಹುಡುಕುವ ಚಾಕಚಕ್ಯತೆ ಎಂದು ನಮ್ಮ ಶಾಲೆ, ಕಾಲೇಜುಗಳಲ್ಲಿ ತಿಳಿದುಕೊಂಡಿದ್ದಾರೆ. ಅಧ್ಯಾಪಕರು ಕೇಳುವ ಪ್ರಶ್ನೆ ಬದಲಾಗದೆ ಆ ಚಾಕಚಕ್ಯತೆ ಯಾವ ಕೆಲಸಕ್ಕೂ ಬರುವುದಿಲ್ಲ ಎಂಬುದು ಈ ಪ್ರಕರಣದಿಂದ ನನಗೆ ಮನದಟ್ಟಾಗಿದೆ. ಅದನ್ನೇ ಇಲ್ಲಿ ವಿವರವಾಗಿ ಹೇಳುತ್ತೇನೆ.

ನಿಯೋಜಿತ ಕಾರ್ಯ ಸರಳವಾಗಿತ್ತು: 'ಆತಕೂರು ಶಾಸನದ ಬಗ್ಗೆ ನಾಲ್ಕು ಪುಟಗಳಿಗೆ ಮೀರದಂತೆ ಬರೆಯಿರಿ.' ಜಿಲ್ಲೆಯ ಹುಡುಗರು ಜಿಲ್ಲೆಯ ಶಾಸನದ ಬಗ್ಗೆ ಬರೆಯಲಿ ಎಂಬುದು ಅಧ್ಯಾಪಕರ ಆಸೆ. ಆಸೆ ತಪ್ಪಲ್ಲ. ಕನ್ನಡ ನಾಡಿನ ಶಾಸನಗಳಲ್ಲಿ ಇಷ್ಟು ಮನಮುಟ್ಟುವ ಇನ್ನೊಂದು ಸಿಗುವುದು ಕಷ್ಟ. ಚೋಳರ ಮೇಲೆ ತಕ್ಕೋಲದಲ್ಲಿ ನಡೆದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗ ದೊರೆ ಬೂತುಗ ಹೋರಾಡಿದ. ಬೂತುಗನ ಕಡೆಯ ವೀರ ಮಣಲೇರ ಆ ಕಾಳಗದಲ್ಲಿ ಮೆಚ್ಚುಗೆ ಗಳಿಸಿದ. ಏನು ಬೇಕೋ ಕೇಳಿಕೋ ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಹೆಸರಿನ ಬೇಟೆನಾಯಿಯನ್ನು. ಆ ನಾಯಿಯನ್ನು ಬೆಳತೂರಿನ ಪಡುವಣ ದಿಕ್ಕಿನ ದಿಣ್ಣೆಯಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಒಟ್ಟಿಗೇ ಸತ್ತವು. ನಾಯಿಯ ನೆನಪಿಗೆ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ದೊಡ್ಡ ಕೆರೆಯ ಕೆಳಗೆ ಎರಡು ಖಂಡುಗ ಭೂಮಿಯನ್ನು ಬಿಟ್ಟುಕೊಟ್ಟರು. ಕಲ್ಲಿನ ಮೇಲ್ಭಾಗದಲ್ಲಿ ನಾಯಿಯೂ ಹಂದಿಯೂ ಸೆಣಸುವ ಉಬ್ಬುಚಿತ್ರವಿದೆ. ಕಾಲ ಕ್ರಿ.ಶ. 949-50. ಆತಕೂರು ಇಂದು ಮದ್ದೂರು ತಾಲ್ಲೂಕಿನಲ್ಲಿದೆ; ಜನ ಅದನ್ನು ಆತಗೂರು ಎನ್ನುತ್ತಾರೆ. ಕಲ್ಲು ಮಾತ್ರ ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಈ ಕೊನೆಯ ಸಂಗತಿಯೇ ಪ್ರಕರಣದ ಗಂಟು.

ಬಂದ ಉತ್ತರಗಳು

ಉತ್ತರಗಳನ್ನು ಅಧ್ಯಾಪಕರು ಗ್ರಂಥಾಲಯದ ದೊಡ್ಡ ಮೇಜಿನ ಮೇಲೆ ಹರಡಿದರು. ಮುಕ್ಕಾಲು ಪಾಲು ಉತ್ತರಗಳಲ್ಲಿ ಒಂದೇ ವಾಕ್ಯ: 'ಈ ಶಾಸನವು ಇಂದಿಗೂ ಆತಕೂರು ಗ್ರಾಮದ ಚಲ್ಲೇಶ್ವರ ದೇವಾಲಯದ ಮುಂಭಾಗದಲ್ಲಿ ಕಂಡುಬರುತ್ತದೆ.' ಕೆಲವರು ಅದನ್ನು ಅಕ್ಷರಶಃ ಇಳಿಸಿಕೊಂಡಿದ್ದರು. ಕೆಲವರು 'ಕಂಡುಬರುತ್ತದೆ' ಎಂಬುದನ್ನು 'ಇದೆ' ಎಂದೋ 'ನೋಡಬಹುದು' ಎಂದೋ ತಿದ್ದಿಕೊಂಡಿದ್ದರು. ಇಬ್ಬರು ಹಂದಿಯ ಬದಲು ಹುಲಿ ಎಂದು ಬರೆದಿದ್ದರು. ಅಕ್ಷರ ಮುದ್ದಾಗಿತ್ತು. ಪುಟದ ಅಂಚಿಗೆ ಕೆಂಪು ಶಾಯಿಯ ಗೆರೆ, ಮೊದಲ ಪುಟದಲ್ಲಿ ಅಂಟಿಸಿದ ಬಣ್ಣದ ಚಿತ್ರ, ಎಲ್ಲವೂ ಅಚ್ಚುಕಟ್ಟು. ಶಾಲೆಯಲ್ಲಿ ಪ್ರಾಜೆಕ್ಟ್ ಎಂದರೆ ಇದೇ. ಊರಿನ ಜೆರಾಕ್ಸ್ ಅಂಗಡಿಯಲ್ಲಿ ವಿಷಯ ಹೇಳಿದರೆ ಮುದ್ರಿಸಿ, ಬೈಂಡ್ ಮಾಡಿ ಕೊಡುತ್ತಾರೆ. ಅದಕ್ಕೇ ಅಂಕ ಪಡೆದು ಬಂದ ಮಕ್ಕಳು ಕಾಲೇಜಿನಲ್ಲಿ ಒಮ್ಮೆಲೇ ಬೇರೆ ರೀತಿ ಬರೆಯಬೇಕೆಂದು ನಾವು ನಿರೀಕ್ಷಿಸುತ್ತೇವೆ.

ಆ ವಾಕ್ಯ ಹುಟ್ಟಿದ್ದು ಎಲ್ಲಿ ಎಂದು ಊಹಿಸುವುದು ಕಷ್ಟವಾಗಲಿಲ್ಲ. 'ಚಲ್ಲೇಶ್ವರದ ಮುಂದೆ ಕಲ್ಲನ್ನು ನಿಲ್ಲಿಸಿದರು' ಎನ್ನುವುದು ಶಾಸನದ್ದೇ ಮಾತು. ಹತ್ತನೆಯ ಶತಮಾನದ ಮಾತು. ಯಾರೋ ಒಬ್ಬರು ಅದನ್ನು ಸಂಗ್ರಹಿಸಿ ಬರೆಯುವಾಗ ಭೂತಕಾಲವನ್ನು ವರ್ತಮಾನ ಮಾಡಿದ್ದಾರೆ. ಅವರಿಂದ ಇನ್ನೊಬ್ಬರು, ಅವರಿಂದ ಮತ್ತೊಬ್ಬರು ಎತ್ತಿಕೊಂಡಿದ್ದಾರೆ. ಇಷ್ಟು ಕಡೆ ಕಂಡ ಮೇಲೆ ಓದುವವರಿಗೆ ಅದು ನಾಲ್ಕಾರು ಜನ ಸಾಕ್ಷಿ ಹೇಳಿದ ಸಂಗತಿಯಂತೆ ತೋರುತ್ತದೆ. ವಾಸ್ತವವಾಗಿ ಸಾಕ್ಷಿ ಒಂದೂ ಇಲ್ಲ. ಎಲ್ಲವೂ ಒಂದೇ ಬಾಯಿಂದ ಬಂದ ಮಾತು.

ತರಗತಿಯಲ್ಲಿ ಆತಗೂರಿನ ಪಕ್ಕದ ಹಳ್ಳಿಯಿಂದ ಬರುವ ಒಬ್ಬ ಹುಡುಗಿ ಇದ್ದಳು. ಅವಳ ಉತ್ತರದಲ್ಲೂ ಅದೇ ವಾಕ್ಯ. ಅಧ್ಯಾಪಕರು ಅವಳನ್ನು ಕರೆದು ಸಮಾಧಾನವಾಗಿಯೇ ಕೇಳಿದರು.

"ನೀನು ಆ ಕಲ್ಲನ್ನು ನೋಡಿದ್ದೀಯೇನಮ್ಮ?"

"ಇಲ್ಲ ಸರ್. ಕಲ್ಲು ಅಲ್ಲಿಲ್ಲ. ಬೆಂಗಳೂರಿಗೆ ತೆಗೆದುಕೊಂಡು ಹೋದರು ಎಂದು ನಮ್ಮ ತಾತ ಹೇಳುತ್ತಿದ್ದರು."

"ಮತ್ತೆ ಇದೆ ಎಂದು ಬರೆದಿದ್ದೀಯಲ್ಲ?"

"ನೆಟ್‌ನಲ್ಲಿ ಹಾಗಿತ್ತು ಸರ್."

ಅವಳ ಮುಖದಲ್ಲಿ ಕಳ್ಳತನ ಸಿಕ್ಕಿಬಿದ್ದ ಅಳುಕು ಇರಲಿಲ್ಲ. ಇದರಲ್ಲಿ ತಪ್ಪೇನಿದೆ ಎಂಬ ಗೊಂದಲವಿತ್ತು. ಅವಳಿಗೆ ಸತ್ಯ ಗೊತ್ತಿತ್ತು. ಅದೂ ಮನೆಯ ಹಿರಿಯರಿಂದ, ಕಲ್ಲಿದ್ದ ನೆಲದ ಪಕ್ಕದಲ್ಲೇ ಬದುಕಿದವರಿಂದ ಗೊತ್ತಾಗಿತ್ತು. ಆದರೆ ಕಾಲೇಜಿನ ಕಾಗದದ ಮೇಲೆ ಬರೆಯಲು ಆ ತಿಳಿವಳಿಕೆಗೆ ಅರ್ಹತೆ ಇದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಮೊಬೈಲಿನಲ್ಲಿ ಇದ್ದದ್ದು ವಿದ್ಯೆ, ತಾತ ಹೇಳಿದ್ದು ಮಾತು. ಹತ್ತು ಹನ್ನೆರಡು ವರ್ಷ ಶಾಲೆಯಲ್ಲಿ ಕೂತು ಅವಳು ಕಲಿತಿದ್ದ ವಿಂಗಡಣೆ ಇದು.

ನಕಲು ಮಾಡಿದರು ಎಂದು ಈ ಮಕ್ಕಳನ್ನು ಬಯ್ಯುವವರಿಗೆ ನಾನು ಈ ಹುಡುಗಿಯ ಉದಾಹರಣೆಯನ್ನು ಮತ್ತೆ ಮತ್ತೆ ಹೇಳುತ್ತೇನೆ. ಇಲ್ಲಿನ ತೊಂದರೆ ಸೋಮಾರಿತನದ್ದಲ್ಲ, ನಂಬಿಕೆಯದು. ಯಾವುದನ್ನು ನಂಬಬೇಕು, ಎಷ್ಟು ನಂಬಬೇಕು, ತನ್ನ ಕಣ್ಣು ಕಿವಿಗಳಿಗೆ ಎಷ್ಟು ಬೆಲೆ ಕೊಡಬೇಕು ಎಂಬುದನ್ನು ಕಲಿಸದೆ ನಾವು ಮುಂದಕ್ಕೆ ಕಳುಹಿಸಿದ್ದೇವೆ.

ಮೊದಲು ಕಲಿಸುತ್ತಿದ್ದದ್ದು

ಕಾಲೇಜಿನಲ್ಲಿ ಮಾಹಿತಿ ಸಾಕ್ಷರತೆಯ ಪಾಠ ಇರಲಿಲ್ಲ ಎಂದಲ್ಲ. ವರ್ಷಾರಂಭದಲ್ಲಿ ಹೊಸ ವಿದ್ಯಾರ್ಥಿಗಳಿಗೆ ಒಂದು ಗಂಟೆಯ ಗ್ರಂಥಾಲಯ ಪರಿಚಯ ನಡೆಯುತ್ತಿತ್ತು. ಪುಸ್ತಕದ ಬೆನ್ನಿನ ಸಂಖ್ಯೆಯನ್ನು ಓದುವುದು ಹೇಗೆ, ಗಣಕದಲ್ಲಿ ಶೀರ್ಷಿಕೆ ಹುಡುಕುವುದು ಹೇಗೆ, ಭಾರತದ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯಕ್ಕೆ ಹೋಗುವುದು ಹೇಗೆ, ಕಾಲೇಜುಗಳಿಗೆ ವಿದ್ಯುನ್ಮಾನ ಪುಸ್ತಕ, ನಿಯತಕಾಲಿಕೆಗಳನ್ನು ಒದಗಿಸುವ ಇನ್‌ಫ್ಲಿಬ್‌ನೆಟ್‌ನ ಎನ್-ಲಿಸ್ಟ್ ಸೌಲಭ್ಯಕ್ಕೆ ಗುಪ್ತಪದ ಪಡೆಯುವುದು ಹೇಗೆ, ಇಷ್ಟನ್ನು ಹೇಳಿ ಮುಗಿಸುತ್ತಿದ್ದೆವು. ಆಮೇಲೆ ಒಂದು ಹಾಳೆ ಕೊಡುತ್ತಿದ್ದೆವು: ಮಾಹಿತಿ ಇತ್ತೀಚಿನದೇ, ವಿಷಯಕ್ಕೆ ಸಂಬಂಧಿಸಿದ್ದೇ, ಬರೆದವರಿಗೆ ಅಧಿಕಾರವಿದೆಯೇ, ನಿಖರವೇ, ಉದ್ದೇಶವೇನು ಎಂದು ಸರಿ ಗುರುತು ಹಾಕುವ ಹಾಳೆ. ಇದರ ಮೂಲ ಕ್ಯಾಲಿಫೋರ್ನಿಯಾ ರಾಜ್ಯ ವಿಶ್ವವಿದ್ಯಾಲಯದ ಚಿಕೊ ಆವರಣದ ಗ್ರಂಥಾಲಯ. 2004ರಲ್ಲಿ ಅಲ್ಲಿನ ಗ್ರಂಥಪಾಲಕಿ ಸಾರಾ ಬ್ಲೇಕ್ಸ್‌ಲೀ ರೂಪಿಸಿದ ಈ ಪಟ್ಟಿ ಜಗತ್ತಿನ ಗ್ರಂಥಾಲಯಗಳಿಗೆಲ್ಲ ಹಬ್ಬಿದೆ.

ಹಾಳೆಯನ್ನು ಹಿಡಿದು ಆ ತಪ್ಪು ವಾಕ್ಯವಿದ್ದ ಜಾಲತಾಣವನ್ನು ಪರೀಕ್ಷಿಸಿ ನೋಡಿದೆವು. ಎಲ್ಲ ಪ್ರಶ್ನೆಗಳಲ್ಲೂ ಅದು ತೇರ್ಗಡೆಯಾಯಿತು! ದಿನಾಂಕ ಇತ್ತೀಚಿನದು, ವಿಷಯ ಶಾಸನವೇ, ಭಾಷೆ ಶುದ್ಧ, ಜಾಹೀರಾತಿಲ್ಲ, ಯಾರನ್ನೂ ಬೈದಿಲ್ಲ. ಪುಟದೊಳಗೇ ಕೂತು ಪುಟವನ್ನು ಅಳೆದರೆ ಆಗುವುದು ಹೀಗೆಯೇ. ಚೆನ್ನಾಗಿ ಕಾಣುವಂತೆ ಮಾಡುವುದು ಇಂದು ಯಾರಿಗೂ ಕಷ್ಟವಲ್ಲ.

ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತ್ತು. ಡಾಕ್ಟರೇಟ್ ಪಡೆದ 10 ಇತಿಹಾಸಕಾರರು, ವೃತ್ತಿಯಿಂದ ಸತ್ಯಶೋಧನೆ ಮಾಡುವ 10 ಜನ, 25 ಪದವಿ ವಿದ್ಯಾರ್ಥಿಗಳು ಒಂದೇ ಬಗೆಯ ಜಾಲತಾಣಗಳನ್ನು ಹೇಗೆ ನೋಡುತ್ತಾರೆ ಎಂದು ಅವರು ಗಮನಿಸಿದರು. ವಿದ್ಯಾರ್ಥಿಗಳು ಮಾತ್ರವಲ್ಲ, ಇತಿಹಾಸಕಾರರು ಕೂಡ ಲಾಂಛನಕ್ಕೂ ಹೆಸರಿಗೂ ಮರುಳಾದರು. ಸತ್ಯಶೋಧಕರು ಮಾತ್ರ ಪುಟವನ್ನು ಪೂರ್ತಿ ಓದುವ ಮೊದಲೇ ಅದರಿಂದ ಹೊರಗೆ ಬಂದು, ಈ ಪುಟದ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ಎಂದು ನೋಡಿದರು. ನಮ್ಮ ಹಳ್ಳಿಗಳಲ್ಲಿ ಗಂಡು ನೋಡಲು ಹೋದವರು ಗಂಡಿನ ಮನೆಯವರನ್ನಷ್ಟೇ ಕೇಳಿ ವಾಪಸು ಬರುವುದಿಲ್ಲ. ಊರಿನ ಅರಳಿಕಟ್ಟೆಯಲ್ಲಿ ಕೂತವರನ್ನೂ ವಿಚಾರಿಸುತ್ತಾರೆ. ತರಗತಿಯಲ್ಲಿ ನಾನು ಹೀಗೆ ಹೇಳಿದಾಗ ಮಕ್ಕಳಿಗೆ ಅರ್ಧ ನಿಮಿಷದಲ್ಲಿ ತಿಳಿಯಿತು.

ಈ ಕ್ಷೇತ್ರದ ಚರಿತ್ರೆಯನ್ನು ಇಲ್ಲಿ ಬೆಳೆಸುವುದಿಲ್ಲ. ಮಾಹಿತಿ ಸಾಕ್ಷರತೆ ಎಂಬ ಹೆಸರನ್ನು 1974ರಲ್ಲಿ ಅಮೆರಿಕದ ಪಾಲ್ ಜುರ್ಕೋವ್ಸ್ಕಿ ಬಳಸಿದರು. 2005ರ ಅಲೆಕ್ಸಾಂಡ್ರಿಯಾ ಘೋಷಣೆ ಅದನ್ನು ಡಿಜಿಟಲ್ ಯುಗದ ಮೂಲಭೂತ ಮಾನವ ಹಕ್ಕು ಎಂದು ಕರೆಯಿತು. ಹಕ್ಕು ಎಂದು ಒಪ್ಪಿದ ಮೇಲೆ ಅದನ್ನು ವರ್ಷಕ್ಕೆ ಒಂದು ಗಂಟೆಯ ಪರಿಚಯ ಕಾರ್ಯಕ್ರಮದಲ್ಲಿ ಮುಗಿಸುವುದು ನ್ಯಾಯವಲ್ಲ.

ಕನ್ನಡದಲ್ಲಿ ಹುಡುಕುವ ಕಷ್ಟ

ಹೊರದೇಶದ ಪಾಠಗಳನ್ನು ಹಾಗೆಯೇ ಇಳಿಸಿಕೊಂಡರೆ ಒಂದು ವಿಷಯ ತಪ್ಪಿಹೋಗುತ್ತದೆ. ಆ ಪಾಠಗಳು ಹುಡುಕಿದರೆ ಸಿಗುತ್ತದೆ ಎಂದು ಹಿಡಿದುಕೊಂಡು ಹೊರಡುತ್ತವೆ. ಕನ್ನಡ ಮಾಧ್ಯಮದ ನಮ್ಮ ಹುಡುಗಿಗೆ ಹಾಗಲ್ಲ.

ಅವಳು 'ಆತಗೂರು ಶಾಸನ' ಎಂದು ಹಾಕಿದರೆ ಒಂದು ಬಗೆಯ ಫಲಿತಾಂಶ, 'ಆತಕೂರು ಶಾಸನ' ಎಂದು ಹಾಕಿದರೆ ಇನ್ನೊಂದು ಬಗೆಯದು. ಊರಿನ ಹೆಸರು ಬಾಯಲ್ಲಿ ಒಂದು, ಶಾಸನದಲ್ಲಿ ಒಂದು. ಎನ್-ಲಿಸ್ಟ್‌ನಲ್ಲಿ ಇರುವುದು ಬಹುಪಾಲು ಇಂಗ್ಲಿಷ್. ಹಳೆಯ ಕನ್ನಡ ಪುಸ್ತಕಗಳು ಚಿತ್ರರೂಪದಲ್ಲಿ ಸ್ಕ್ಯಾನ್ ಆಗಿ ಕೂತಿವೆ. ಅವುಗಳ ಒಳಗಿನ ಪದವನ್ನು ಯಂತ್ರ ಹುಡುಕುವುದು ಅಪರೂಪ, ಪುಟ ತಿರುಗಿಸಿಯೇ ನೋಡಬೇಕು. ಹೀಗಾಗಿ ಸುಲಭಕ್ಕೆ ಸಿಗುವುದು ಯಾರೋ ಯಾರಿಂದಲೋ ಎತ್ತಿ ಬರೆದ ಎರಡು ಪ್ಯಾರಾ. ಒಳ್ಳೆಯದು ಆಳದಲ್ಲಿದೆ, ಮೇಲೆ ತೇಲುವುದು ಸವಕಲು.

ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕದ ಹಳೆಯ ಸಂಪುಟಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಆದರೆ 'ಮಂಡ್ಯ ಜಿಲ್ಲೆ' ಎಂದು ಹುಡುಕಿದವರಿಗೆ ಅಲ್ಲಿ ಏನೂ ಸಿಗುವುದಿಲ್ಲ. ಮಂಡ್ಯ ಜಿಲ್ಲೆ ಆದದ್ದು 1939ರಲ್ಲಿ. ರೈಸ್ ಅವರ ಸಂಪುಟ ಬಂದದ್ದು 1894ರಲ್ಲಿ. ಆತಕೂರು ಇರುವುದು ಮೈಸೂರು ಜಿಲ್ಲೆಯ ಮೊದಲ ಭಾಗವಾದ 3ನೆಯ ಸಂಪುಟದಲ್ಲಿ, ಅದೂ ಮಂಡ್ಯ ತಾಲ್ಲೂಕಿನ ಶಾಸನಗಳ ಸಾಲಿನಲ್ಲಿ. ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ ಹೊರತಂದ ಪರಿಷ್ಕೃತ ಆವೃತ್ತಿಯಲ್ಲಾದರೆ ಮದ್ದೂರು ತಾಲ್ಲೂಕು 7ನೆಯ ಸಂಪುಟಕ್ಕೆ ಬರುತ್ತದೆ. ಆಡಳಿತದ ಗಡಿಗಳು ಬದಲಾದಂತೆ ಪುಸ್ತಕದಲ್ಲಿ ಊರಿನ ವಿಳಾಸವೂ ಬದಲಾಗುತ್ತದೆ ಎಂಬ ಈ ಚಿಕ್ಕ ಸಂಗತಿಯನ್ನು ಯಾವ ಪರಿಚಯ ಕಾರ್ಯಕ್ರಮವೂ ಹೇಳಿಕೊಡುವುದಿಲ್ಲ. ಇದು ಗೊತ್ತಿಲ್ಲದ ವಿದ್ಯಾರ್ಥಿ 'ಪುಸ್ತಕದಲ್ಲಿ ಇಲ್ಲ ಮೇಡಂ' ಎಂದು ಬಂದು ನಿಲ್ಲುತ್ತಾನೆ. ಅವನ ಮಾತು ಅವನ ಮಟ್ಟಿಗೆ ನಿಜ.

ಮೂಲದ ಮುಂದೆ ಕುಳಿತದ್ದು

ಅಧ್ಯಾಪಕರು ಯಾರಿಗೂ ಸೊನ್ನೆ ಕೊಡಲಿಲ್ಲ. ಉತ್ತರಗಳನ್ನು ಅಂಕವಿಲ್ಲದೆ ಹಿಂದಿರುಗಿಸಿ, ಮುಂದಿನ ತರಗತಿಗಳನ್ನು ಗ್ರಂಥಾಲಯದಲ್ಲೇ ನಡೆಸಲು ಒಪ್ಪಿದರು. ಪಠ್ಯಕ್ರಮ ಹಿಂದೆ ಬೀಳುತ್ತದೆ ಎಂಬ ಭಯ ಅವರಿಗಿತ್ತು. ಪರೀಕ್ಷೆಯಲ್ಲಿ ಆತಕೂರು ಬರುವುದು ಹೆಚ್ಚೆಂದರೆ ಎರಡು ಅಂಕಕ್ಕೆ. ಆದರೂ ಒಪ್ಪಿದರು. ಅವರ ಈ ಧೈರ್ಯವಿಲ್ಲದೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ. ಗ್ರಂಥಪಾಲಕರು ಒಬ್ಬರೇ ಎಷ್ಟು ಹೇಳಿದರೂ ಅಂಕ ಕೊಡುವವರು ಜೊತೆಗೆ ನಿಲ್ಲದಿದ್ದರೆ ಮಕ್ಕಳು ಕಿವಿಗೊಡುವುದಿಲ್ಲ.

ಮೊದಲ ತರಗತಿಯಲ್ಲಿ ಒಂದೇ ಕೆಲಸ: ಆ ವಾಕ್ಯ ನಿಜವೇ ಎಂದು ಪುಟದಿಂದ ಹೊರಗೆ ಬಂದು ಪತ್ತೆಹಚ್ಚುವುದು. ಗುಂಪುಗಳಾಗಿ ಕುಳಿತರು. ಒಂದು ಗುಂಪು ಬೆಂಗಳೂರಿನ ವಸ್ತುಸಂಗ್ರಹಾಲಯದ ಬಗ್ಗೆ ಹುಡುಕಿ, ಅಲ್ಲಿನ ಸಂಗ್ರಹದಲ್ಲಿ ಆತಕೂರಿನ ಕಲ್ಲಿನ ಹೆಸರನ್ನೂ ಚಿತ್ರವನ್ನೂ ಕಂಡಿತು. ಇನ್ನೊಂದು ಗುಂಪು 949, 950, ಹತ್ತನೆಯ ಶತಮಾನ ಎಂದು ಮೂರು ಬಗೆಯ ಕಾಲ ಸಿಕ್ಕಿತೆಂದು ತಲೆ ಕೆರೆದುಕೊಂಡಿತು. ಶಾಸನದಲ್ಲಿರುವುದು ಶಕವರ್ಷ, ಅದು ಶುರುವಾಗುವುದು ಯುಗಾದಿಗೆ. ಅದು ಕ್ರಿಸ್ತಶಕದ ಎರಡು ವರ್ಷಗಳಿಗೆ ಹರಡಿಕೊಳ್ಳುತ್ತದೆ. ಆದ್ದರಿಂದಲೇ ಬಲ್ಲವರು 949-50 ಎಂದು ಬರೆಯುತ್ತಾರೆ. ಬೇರೆ ಬೇರೆಯಾಗಿ ಕಂಡದ್ದೆಲ್ಲ ಸುಳ್ಳಲ್ಲ ಎಂಬುದೂ ಆ ದಿನದ ಪಾಠವೇ ಆಯಿತು. ಪಕ್ಕದ ಹಳ್ಳಿಯ ಹುಡುಗಿ ತನ್ನ ತಾತ ಹೇಳಿದ್ದನ್ನು ಎಲ್ಲರ ಮುಂದೆ ಹೇಳಿದಳು. ಅಧ್ಯಾಪಕರು ಅದನ್ನು ಕಪ್ಪು ಹಲಗೆಯ ಮೇಲೆ 'ಮೌಖಿಕ ಆಕರ' ಎಂದು ತಲೆಬರಹ ಕೊಟ್ಟು ಬರೆದರು.

ಎರಡನೆಯ ತರಗತಿಗೆ ಪರಿಷ್ಕೃತ 7ನೆಯ ಸಂಪುಟವನ್ನು ಮೇಜಿನ ಮೇಲೆ ಇಟ್ಟೆವು. ದಪ್ಪ ಪುಸ್ತಕ. ಅದನ್ನು ಅವರಲ್ಲಿ ಯಾರೂ ಮುಟ್ಟಿರಲಿಲ್ಲ. ಹಳಗನ್ನಡ ಎಂದರೆ ಪರೀಕ್ಷೆಗೆ ಬಾಯಿಪಾಠ ಮಾಡುವ ಪದ್ಯ ಎಂದಷ್ಟೇ ಗೊತ್ತಿದ್ದ ಮಕ್ಕಳು ಬೆರಳಿಟ್ಟು ಸಾಲು ಸಾಲಾಗಿ ಕೂಡಿಸಿ ಓದತೊಡಗಿದರು. ಒಂದು ಕಡೆ ನಿಂತರು: 'ಪಂದಿಯುಂ ನಾಯುಂ ಒಡಸತ್ತುವು.' ಒಬ್ಬ ಹುಡುಗ ಗಟ್ಟಿಯಾಗಿ ಓದಿ, "ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು" ಎಂದ. ಯಾರೂ ಅರ್ಥ ಹೇಳಿಕೊಟ್ಟಿರಲಿಲ್ಲ. ಹುಲಿ ಎಂದು ಬರೆದಿದ್ದ ಇಬ್ಬರೂ ತಮ್ಮ ಹಾಳೆ ತೆಗೆದು ತಾವೇ ತಿದ್ದಿಕೊಂಡರು. ಕಲ್ಲಿಗೆ ಪೂಜೆ ಮಾಡದೆ ಊಟ ಮಾಡುವ ಗೊರವನಿಗೆ, ಅಂದರೆ ಗುಡಿಯ ಶೈವ ಪೂಜಾರಿಗೆ, ಆ ನಾಯಿಯ ಪಾಪ ತಗಲುತ್ತದೆ ಎಂಬ ಭಾಗಕ್ಕೆ ಬಂದಾಗ ಇಡೀ ತರಗತಿ ಮೇಜಿನ ಮೇಲೆ ಬಾಗಿತ್ತು. ಸಾವಿರ ವರ್ಷದ ಹಿಂದಿನ ಒಂದು ಮಾತನ್ನು ಮಧ್ಯವರ್ತಿ ಇಲ್ಲದೆ ತಾವೇ ಓದಿ ತಿಳಿದುಕೊಂಡ ಮಕ್ಕಳಲ್ಲಿ ಬರುವ ಆತ್ಮವಿಶ್ವಾಸ ಬೇರೆ. ಆ ಮೇಲೆ ಎರಡು ಪ್ಯಾರಾದ ಸವಕಲು ಬರಹವನ್ನು ಅವರು ಮೊದಲಿನ ಭಕ್ತಿಯಿಂದ ನೋಡುವುದಿಲ್ಲ.

ಮೂರನೆಯ ತರಗತಿ ಎಲ್ಲಕ್ಕಿಂತ ಮುಖ್ಯವಾದದ್ದು. ತಕ್ಕೋಲದಲ್ಲಿ ಚೋಳ ರಾಜಕುಮಾರ ರಾಜಾದಿತ್ಯ ಸತ್ತ. ಹೇಗೆ ಸತ್ತ? ಬೂತುಗ ಸುರಿಗೆಯಿಂದ ಇರಿದು ಕೊಂದ ಎನ್ನುತ್ತದೆ ಆತಕೂರಿನ ಕಲ್ಲು. ಚೋಳರ ಕಡೆಯ ಆನೈಮಂಗಲಂ ತಾಮ್ರಶಾಸನ, ನೆದರ್‌ಲೆಂಡ್ಸ್‌ನ ಲೈಡನ್ ನಗರಕ್ಕೆ ಹೋಗಿದ್ದರಿಂದ ಲೈಡನ್ ಶಾಸನ ಎಂದೇ ಹೆಸರಾದದ್ದು, ಬೇರೆ ಕಥೆ ಹೇಳುತ್ತದೆ: ಆನೆಯ ಮೇಲೆ ಕೂತು ಹೋರಾಡುತ್ತಿದ್ದಾಗ ಕೃಷ್ಣರಾಜನ ಬಾಣಗಳು ಎದೆಗೆ ನಾಟಿ ಸತ್ತ. ಕಲ್ಲು ಯುದ್ಧದ ಹೊತ್ತಿನದು, ಗೆದ್ದವರ ಕಡೆಯವರು ಹಾಕಿಸಿದ್ದು. ತಾಮ್ರಶಾಸನ ಅರ್ಧ ಶತಮಾನಕ್ಕೂ ಈಚಿನದು, ಸೋತವರ ವಂಶದವರು ಬರೆಸಿದ್ದು. ಎರಡೂ ಮೂಲ ಆಕರಗಳೇ. ಈಗ ಏನು ಮಾಡುವುದು?

ತರಗತಿ ಮೊದಲು ಅಧ್ಯಾಪಕರ ಮುಖ ನೋಡಿತು, ಆಮೇಲೆ ನನ್ನ ಮುಖ ನೋಡಿತು. ಸರಿ ಉತ್ತರ ನಮ್ಮ ಜೇಬಿನಲ್ಲಿದೆ ಎಂದು ಅವರು ತಿಳಿದಿದ್ದರು. ಅಧ್ಯಾಪಕರು ಏನೂ ಹೇಳದೆ ಕಾದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ಅಲ್ಲಿಯವರೆಗೆ ಬಾಯಿ ಬಿಡದವಳು, ಎದ್ದು ಕೇಳಿದಳು: "ಸಾಮಂತನ ಕೈಯಲ್ಲಿ ಸಾಯುವುದಕ್ಕಿಂತ ಚಕ್ರವರ್ತಿಯ ಬಾಣಕ್ಕೆ ಸಾಯುವುದು ಮರ್ಯಾದೆ ಅಲ್ಲವೇ ಸರ್? ಅದಕ್ಕೇ ಚೋಳರು ಹಾಗೆ ಬರೆಸಿರಬಹುದಲ್ಲವೇ?" ಕೂಡಲೇ ಇನ್ನೊಬ್ಬ, "ಬೂತುಗನ ಕಡೆಯವರು ಅವನನ್ನು ದೊಡ್ಡವನು ಮಾಡಲು ಬರೆದಿರಬಹುದು" ಎಂದ. ವಾದ ಹತ್ತಿಕೊಂಡಿತು. ಹತ್ತಿರದ ಸಾಕ್ಷಿಗೆ ಬೆಲೆ ಹೆಚ್ಚೋ, ಹತ್ತಿರದವನಿಗೆ ಪಕ್ಷಪಾತ ಹೆಚ್ಚೋ? ಗಂಟೆ ಹೊಡೆದದ್ದು ಯಾರಿಗೂ ಬೇಕಿರಲಿಲ್ಲ. ಇದೇ ಹುಡುಗರು ಮೊದಲ ಸಲ 'ಆತಕೂರು ಶಾಸನದ ಬಗ್ಗೆ ಬರೆಯಿರಿ' ಎಂದಾಗ ನಾಲ್ಕು ಪುಟ ಇಳಿಸಿಕೊಂಡು ಬಂದವರು. 'ಬಗ್ಗೆ ಬರೆಯಿರಿ' ಎಂಬ ಪ್ರಶ್ನೆಗೆ ನಕಲೇ ಸಹಜವಾದ ಉತ್ತರ. ಅದು ಯೋಚನೆಯನ್ನು ಬೇಡುವುದೇ ಇಲ್ಲ.

ಹೊಸ ಪ್ರಶ್ನೆ, ಹೊಸ ಉತ್ತರ

ಎರಡನೆಯ ನಿಯೋಜಿತ ಕಾರ್ಯಕ್ಕೆ ಎರಡು ಭಾಗ. ಒಂದು: ರಾಜಾದಿತ್ಯನ ಸಾವಿನ ಎರಡು ವಿವರಗಳಲ್ಲಿ ಯಾವುದನ್ನು ಎಷ್ಟು ನಂಬುತ್ತೀರಿ, ಏಕೆ? ಇನ್ನೊಂದು: ನಿಮ್ಮ ಊರಿನ ಅಥವಾ ಪಕ್ಕದ ಊರಿನ ಒಂದು ಕಲ್ಲನ್ನು ಆರಿಸಿಕೊಳ್ಳಿ, ಅದರ ಬಗ್ಗೆ ಹಿರಿಯರು ಹೇಳುವುದನ್ನು ಬರೆದುಕೊಳ್ಳಿ, ಶಾಸನ ಸಂಪುಟದಲ್ಲಿ ಅದು ಇದೆಯೇ ನೋಡಿ, ಎರಡೂ ಕೂಡಿಬರುತ್ತವೆಯೇ ಹೇಳಿ. ಯಾವ ಮಾತು ಎಲ್ಲಿಂದ ಬಂತು ಎಂದು ಅಂಚಿನಲ್ಲಿ ಬರೆಯಬೇಕು. ಎಲ್ಲಕ್ಕಿಂತ ಮಿಗಿಲಾಗಿ, 'ಇದು ಗೊತ್ತಾಗಲಿಲ್ಲ, ಇಲ್ಲಿಯವರೆಗೆ ಹುಡುಕಿದೆ' ಎಂದು ಬರೆದವರಿಗೂ ಪೂರ್ಣ ಅಂಕ.

ಈ ಕೊನೆಯ ಮಾತನ್ನು ಮಕ್ಕಳು ನಂಬಲಿಲ್ಲ. ಗೊತ್ತಿಲ್ಲ ಎಂದು ಬರೆದು ಅಂಕ ಪಡೆದವರನ್ನು ಅವರು ಕಂಡಿರಲಿಲ್ಲ. ಅನೇಕರು ಗೊತ್ತಿಲ್ಲದ ಜಾಗದಲ್ಲಿ ಏನಾದರೊಂದು ತುಂಬಿ ತಂದರು. ಒಬ್ಬ ಕೃತಕ ಬುದ್ಧಿಮತ್ತೆಯ ಸಂಭಾಷಣಾ ತಂತ್ರಾಂಶವನ್ನು ಕೇಳಿ, ತನ್ನ ಊರಿನ ವೀರಗಲ್ಲಿನ ಬಗ್ಗೆ ಒಂದು ಪುಟ ಸೊಗಸಾದ ಕನ್ನಡ ತಂದಿದ್ದ. ರಾಜನ ಹೆಸರು, ಇಸವಿ, ಪುಸ್ತಕದ ಹೆಸರು, ಪುಟಸಂಖ್ಯೆ ಎಲ್ಲವೂ ಇತ್ತು. ಅಂಥ ಪುಸ್ತಕ ನಮಗೆ ಯಾವ ಗ್ರಂಥಾಲಯದ ಪಟ್ಟಿಯಲ್ಲೂ ಸಿಗಲಿಲ್ಲ. ಅವನ ಊರಿನ ಕಲ್ಲಿನಲ್ಲಿ ಬರಹವೇ ಇಲ್ಲ, ಬರೀ ಶಿಲ್ಪ. ಅವನನ್ನು ಗದರಿಸಲಿಲ್ಲ. ಪುಸ್ತಕವನ್ನು ಹುಡುಕಿಕೊಂಡು ಬಾ ಎಂದೆವು. ಅವನು ಹುಡುಕಿ ಹುಡುಕಿ ಸೋತು ಬಂದ. 'ಹೇಳಿದ ಪುಸ್ತಕ ಇಲ್ಲ' ಎಂಬ ತೀರ್ಮಾನಕ್ಕೆ ತಾನೇ ತಲುಪಿದ ಮೇಲೆ ಅವನಿಗೆ ಬೇರೆ ಉಪದೇಶ ಬೇಕಾಗಲಿಲ್ಲ.

ಹಿರಿಯರ ಮಾತಿನಲ್ಲೂ ತೊಡಕು ಬಂತು. ಒಂದು ಊರಿನವರು ತಮ್ಮ ಕಲ್ಲು ಹುಲಿಯನ್ನು ಕೊಂದ ವೀರನದು ಎಂದಿದ್ದರು. ಸಂಪುಟದ ಪ್ರಕಾರ ಅದು ತುರುಗಳನ್ನು ಕಾಯಲು ಹೋಗಿ ಸತ್ತವನದು. ಆ ಊರಿನ ವಿದ್ಯಾರ್ಥಿನಿ ಹಿರಿಯರದ್ದೆಲ್ಲ ಕಟ್ಟುಕಥೆ ಎಂದು ಬರೆದುಬಿಟ್ಟಳು. ಇದು ಮೊದಲಿನ ತಪ್ಪಿನದೇ ಇನ್ನೊಂದು ಮುಖ. ಎಲ್ಲವನ್ನೂ ನಂಬುವುದು ಸುಲಭ, ಯಾವುದನ್ನೂ ನಂಬದಿರುವುದೂ ಅಷ್ಟೇ ಸುಲಭ. ಕಲ್ಲು ಎಲ್ಲಿತ್ತು, ಯಾವಾಗ ಸರಿಸಿದರು, ಯಾರು ಪೂಜೆ ಮಾಡುತ್ತಿದ್ದರು ಎಂಬುದಕ್ಕೆ ಹಿರಿಯರಿಗಿಂತ ಒಳ್ಳೆಯ ಆಕರ ಇಲ್ಲ. ಕಲ್ಲಿನಲ್ಲಿ ಏನು ಬರೆದಿದೆ ಎಂಬುದಕ್ಕೆ ಕಲ್ಲೇ ಆಕರ. ಯಾವ ಸಂಗತಿಗೆ ಯಾರನ್ನು ಕೇಳಬೇಕು ಎಂಬ ಈ ವಿವೇಕವನ್ನು ಒಂದೆರಡು ತರಗತಿಯಲ್ಲಿ ಕಲಿಸಲು ಆಗುವುದಿಲ್ಲ. ನಮ್ಮಿಂದಲೂ ಆಗಲಿಲ್ಲ.

ಫಲಿತಾಂಶವನ್ನು ದೊಡ್ಡದು ಮಾಡಿ ಹೇಳುವುದು ಬೇಡ. ತರಗತಿಯ ಸುಮಾರು ಅರ್ಧದಷ್ಟು ಮಂದಿ ತಮ್ಮದೇ ವಾದವನ್ನು ಬರೆದರು. ಉಳಿದವರಲ್ಲಿ ಕೆಲವರು ಗೆಳೆಯರ ವಾದವನ್ನು ಎತ್ತಿಕೊಂಡರು, ಕೆಲವರು ಹಳೆಯ ದಾರಿಯಲ್ಲೇ ಇಳಿಸಿಕೊಂಡು ಬಂದರು. ಆದರೆ 'ಕಲ್ಲು ಇಂದಿಗೂ ಅಲ್ಲಿದೆ' ಎಂಬ ವಾಕ್ಯ ಒಂದು ಉತ್ತರದಲ್ಲೂ ಕಾಣಲಿಲ್ಲ. ಪಕ್ಕದ ಹಳ್ಳಿಯ ಹುಡುಗಿ ತಾತನ ಮಾತನ್ನು ಅವರ ಹೆಸರು, ವಯಸ್ಸಿನ ಸಮೇತ ಮೊದಲ ಆಕರವಾಗಿ ಕೊಟ್ಟು, ಅದರ ಕೆಳಗೆ ವಸ್ತುಸಂಗ್ರಹಾಲಯದ ವಿವರವನ್ನು ಇಟ್ಟು, ಎರಡೂ ಕೂಡಿಬರುತ್ತವೆ ಎಂದು ಬರೆದಿದ್ದಳು.

ತರಗತಿಯಿಂದ ಆಚೆಗೂ ಒಂದು ಸಂಗತಿ ನಡೆಯಿತು. ಆ ಮಳೆಗಾಲದಲ್ಲಿ ಕನ್ನಂಬಾಡಿ ಕಟ್ಟೆಗೆ ಅಪಾಯ ಬಂದಿದೆ, ನದಿ ದಂಡೆಯವರು ಓಡಿ ಎಂದು ಒಂದು ವಿಡಿಯೊ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿತು. ಶ್ರೀರಂಗಪಟ್ಟಣದ ಕಡೆಯ ಒಬ್ಬ ವಿದ್ಯಾರ್ಥಿಯ ಮನೆಯಲ್ಲಿ ಗಾಬರಿ. ಅವನು ವಿಡಿಯೊವನ್ನು ಮತ್ತೆ ಮತ್ತೆ ನೋಡುತ್ತಾ ಕೂರದೆ ಅದರಿಂದ ಹೊರಗೆ ಬಂದ. ಜಲಾಶಯಗಳ ಮಟ್ಟವನ್ನು ಪತ್ರಿಕೆಗಳು ದಿನವೂ ಅಚ್ಚು ಹಾಕುತ್ತವೆ, ಗರಿಷ್ಠ 124.80 ಅಡಿ ಇದ್ದು, ಅಂದಿನ ಮಟ್ಟ ಅದಕ್ಕಿಂತ ಎಷ್ಟೋ ಕೆಳಗಿತ್ತು. ನಮ್ಮ ಕಟ್ಟೆ ಸುರ್ಕಿ ಗಾರೆಯಲ್ಲಿ ಕಟ್ಟಿದ ಕಲ್ಲಿನದು; ವಿಡಿಯೊದಲ್ಲಿ ಇದ್ದದ್ದು ಕಾಂಕ್ರೀಟಿನ ಕಟ್ಟೆ. ಇಷ್ಟನ್ನು ಮನೆಯವರಿಗೆ ತೋರಿಸಿ, ವಿಡಿಯೊ ಕಳುಹಿಸಿದ ಚಿಕ್ಕಪ್ಪನಿಗೂ ವಿನಯದಿಂದಲೇ ತಿಳಿಸಿದೆ ಎಂದು ಬಂದು ಹೇಳಿದ. ಹತ್ತನೆಯ ಶತಮಾನದ ನಾಯಿಯ ಕಲ್ಲಿನಿಂದ ಕಲಿತದ್ದನ್ನು ಅವನು ತನ್ನ ಮನೆಯ ಜಗಲಿಯಲ್ಲಿ ಬಳಸಿದ್ದ. ನನಗೆ ಇದು ಯಾವ ಅಂಕಪಟ್ಟಿಗಿಂತಲೂ ಹೆಚ್ಚು.

ವಿಶ್ವವಿದ್ಯಾಲಯದ ಮಟ್ಟದಲ್ಲಿ

ಮೇಲಿನ ಹಂತದಲ್ಲಿ ನಾವು ಹಿಡಿದಿರುವ ಅಳತೆಗೋಲು ಬೇರೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ಕೃತಿಚೌರ್ಯ ನಿಯಮಗಳ ಪ್ರಕಾರ ಬೇರೆಯವರ ಬರಹದೊಂದಿಗಿನ ಹೋಲಿಕೆ ಶೇ. 10ರೊಳಗೆ ಇದ್ದರೆ ದಂಡವಿಲ್ಲ. ಅದನ್ನು ಮೀರಿದರೆ ಶೇ. 40, ಶೇ. 60 ಎಂದು ಹಂತಹಂತವಾಗಿ ಶಿಕ್ಷೆ ಏರುತ್ತದೆ. ನಿಯಮ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ಪ್ರಕರಣದ ತಪ್ಪು ವಾಕ್ಯವನ್ನೇ ನೋಡಿ. 'ಕಂಡುಬರುತ್ತದೆ' ಎಂಬುದನ್ನು 'ನೋಡಬಹುದು' ಎಂದು ತಿದ್ದಿ, ಪದಗಳನ್ನು ಹಿಂದುಮುಂದು ಮಾಡಿದವನು ಹೋಲಿಕೆಯ ಪರೀಕ್ಷೆಯಲ್ಲಿ ಗೆಲ್ಲುತ್ತಾನೆ. ಸುಳ್ಳು ಮಾತ್ರ ಇದ್ದಲ್ಲೇ ಇರುತ್ತದೆ. ವಾಕ್ಯ ಯಾರದು ಎಂದು ಯಂತ್ರ ಹೇಳಬಲ್ಲದು, ವಾಕ್ಯ ನಿಜವೇ ಎಂದು ಹೇಳಲಾರದು. ಶೇಕಡಾ ಲೆಕ್ಕವನ್ನು ಮುಂದಿಟ್ಟುಕೊಂಡು ಸಂಶೋಧನೆಯ ಪ್ರಾಮಾಣಿಕತೆಯನ್ನು ಕಾಯುತ್ತಿದ್ದೇವೆ ಎಂದು ನಂಬಿರುವ ನಮ್ಮ ವಿಶ್ವವಿದ್ಯಾಲಯಗಳು ಈ ವ್ಯತ್ಯಾಸವನ್ನು ಗಮನಿಸಲೇಬೇಕು.

ಅಧ್ಯಾಪಕರು ನಿಯೋಜಿತ ಕಾರ್ಯದ ಪ್ರಶ್ನೆ ಬರೆಯುವಾಗಲೇ ಗ್ರಂಥಪಾಲಕರನ್ನು ಜೊತೆಗೆ ಕೂರಿಸಿಕೊಳ್ಳಬೇಕು ಎಂಬುದು ನನ್ನ ಒತ್ತಾಯ. ಪ್ರಶ್ನೆಗೆ ಬೇಕಾದ ಆಕರ ಕನ್ನಡದಲ್ಲಿ ಎಲ್ಲಿದೆ, ಯಾವ ಸಂಪುಟದಲ್ಲಿದೆ, ಹಳೆಯ ಜಿಲ್ಲೆಯ ಹೆಸರೇನು ಎಂದು ಹೇಳಬಲ್ಲವರು ನಾವು. ಪ್ರೌಢಶಾಲೆಗಳಲ್ಲಿ ಗ್ರಂಥಪಾಲಕರ ಹುದ್ದೆಯೇ ಅಪರೂಪ. ಅಲ್ಲಿ ಊರಿನ ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರವನ್ನು ಶಾಲೆಯ ಜೊತೆ ಜೋಡಿಸಿಕೊಳ್ಳಬಹುದು. ಬೈಂಡ್ ಮಾಡಿದ ಪ್ರಾಜೆಕ್ಟ್ ಬದಲು ಹೈಸ್ಕೂಲು ಹುಡುಗನಿಗೆ ಒಂದೇ ಒಂದು ವಾಕ್ಯ ಕೊಟ್ಟು, ಇದು ನಿಜವೇ ವಿಚಾರಿಸಿಕೊಂಡು ಬಾ ಎಂದರೂ ಸಾಕು.

ಸದ್ಯಕ್ಕೆ ನಮ್ಮ ಕಾಲೇಜಿನಲ್ಲಿ ಮದ್ದೂರು, ಮಂಡ್ಯ, ಮಳವಳ್ಳಿ ತಾಲ್ಲೂಕುಗಳ ಊರುಗಳು ಹಳೆಯ ಮತ್ತು ಪರಿಷ್ಕೃತ ಸಂಪುಟಗಳಲ್ಲಿ ಯಾವ ಪುಟದಲ್ಲಿವೆ ಎಂಬ ಪಟ್ಟಿಯನ್ನು ವಿದ್ಯಾರ್ಥಿಗಳೇ ತಯಾರಿಸುತ್ತಿದ್ದಾರೆ. ಊರಿನ ಇಂದಿನ ಹೆಸರು ಒಂದು ಕಡೆ, ಶಾಸನದಲ್ಲಿನ ಹೆಸರು ಇನ್ನೊಂದು ಕಡೆ. ಕನ್ನಡ ವಿಭಾಗದವರು ಮುಂದಿನ ವರ್ಷ ಸೇರಿಕೊಳ್ಳುವುದಾಗಿ ಹೇಳಿದ್ದಾರೆ. 'ಗೊತ್ತಾಗಲಿಲ್ಲ' ಎಂಬ ಉತ್ತರಕ್ಕೆ ಅಂಕ ಕೊಡುವ ವಿಷಯ ಮಾತ್ರ ಇನ್ನೂ ಅಧ್ಯಾಪಕರ ಸಭೆಯಲ್ಲಿ ಚರ್ಚೆಯಲ್ಲಿದೆ. ವಿರೋಧಿಸುವವರ ಕಾರಣಗಳೂ ಗಟ್ಟಿಯಾಗಿಯೇ ಇವೆ: ಹುಡುಕಿ ಸೋತವನನ್ನೂ ಹುಡುಕದೇ ಇದ್ದವನನ್ನೂ ಬೇರ್ಪಡಿಸುವುದು ಹೇಗೆ ಎಂದು ಅವರು ಕೇಳುತ್ತಾರೆ. ಹುಡುಕಿದ ದಾರಿಯನ್ನು ಬರೆದು ತೋರಿಸಲಿ, ಅದಕ್ಕೇ ಅಂಕ ಕೊಡೋಣ ಎಂಬುದು ಇತಿಹಾಸ ಅಧ್ಯಾಪಕರ ವಾದ, ನನ್ನದೂ ಅದೇ. ಮುಂದಿನ ತಂಡಕ್ಕೆ ಆ ದಾರಿಯನ್ನು ಬರೆಯಲು ಒಂದು ಪ್ರತ್ಯೇಕ ಹಾಳೆಯನ್ನು ಉತ್ತರದ ಜೊತೆಯಲ್ಲೇ ಹೊಲಿಸಿ ಕೊಡಲಿದ್ದೇವೆ.